ಎಕ್ಸ್‌ಚೇಂಜ್ ಅಕ್ಕನ ನಿದ್ದೆ

ಈ ರಗಳೆಗೆಲ್ಲ ಮೂಲ ಅಕ್ಕನ ತಂಗಿಯ ಗಂಡನ ಗೊರಕೆ. ಹೋದ ವರ್ಷ ಆ ಮಹರಾಯನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಪೂರ್ತಿ ನಿದ್ದೆ ಬರಿಸಿ ಮಾಡಿದ್ದರು. ಔಷಧಿಯ ಮತ್ತು ಇಳಿಯುವ ಹೊತ್ತಿಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಟ್ಟ ಆತ, ರಾತ್ರಿ ತಾನು ಹೊಡೆಯುವ ಗೊರಕೆಯೆಲ್ಲ ಬರೀ ನಾಟಕ, ಹೆಂಡತಿಯ ಮಾತಿನಿಂದ ತಪ್ಪಿಸಿಕೊಳ್ಳಲು ಮದುವೆಯಾದಾಗಿನಿಂದ ಹೂಡಿದ ಉಪಾಯ ಎಂದು ನರ್ಸಿನ ಮುಂದೆ ಒಪ್ಪಿಸಿಬಿಟ್ಟ. ನರ್ಸಿನ ಪಕ್ಕದಲ್ಲೇ ಹೆಂಡತಿ ನಿಂತಿದ್ದಳು.

ಈಗ ಅಕ್ಕನಿಗೆ ಮಂಡಿ ಬದಲಿಸುವ ಆಪರೇಷನ್ ಎಂದಾಗ ತಂಗಿ ಈ ಕತೆಯನ್ನು ಟೈಲರ್ ಅಂಗಡಿಯಲ್ಲಿ ಬಿಚ್ಚಿ, ಕೊನೆಗೊಂದು ಬಾಲಂಗೋಚಿ ಸೇರಿಸಿದಳು. "ನಮ್ಮಕ್ಕಂಗೂ ಪೂರ್ತಿ ನಿದ್ದೆನೇ ಬೇಕಂತೆ. ಅವಳ ಹೊಟ್ಟೇಲಿ ಯಾರ್ಯಾರ ವಿಷಯ ಇದೆಯೋ, ದೇವರೇ ಬಲ್ಲ." ಅಷ್ಟು ಸಾಕಾಯಿತು. ಸಂಜೆಯೊಳಗೆ ಊರಿನಲ್ಲಿ ಐವತ್ತು ದಾಟಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು.

ಯಾಕೆಂದರೆ ಅಕ್ಕ ಅಂತಿಂಥ ಅಕ್ಕ ಅಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನ ಅಕ್ಕ. ತಾನಾಗಿ ನಂಬರು ಕೂಡಿಸುವ ಯಂತ್ರ ಬರುವವರೆಗೆ ಊರಿನ ಮಾತೆಲ್ಲ ಅವಳ ಕೈ ಹಾದೇ ಹೋಗಬೇಕಿತ್ತು. ಅಂಚೆ ಕಚೇರಿಯ ಮಹಡಿಯ ಮೇಲೆ ಇಕ್ಕಟ್ಟಾದ ಕೋಣೆ. ಗೋಡೆಯುದ್ದಕ್ಕೂ ತೂತುತೂತಿನ ಹಲಗೆ. ಹಿತ್ತಾಳೆ ಮೂತಿಯ ದಪ್ಪ ವಯರುಗಳು. ಕೂತರೆ ಕಾಲು ನೆಲಕ್ಕೆ ತಾಗದ ಸ್ಟೂಲು. ಹಲಗೆಯಲ್ಲಿ ಪುಟ್ಟ ದೀಪ ಹತ್ತಿದರೆ ಒಂದು ವಯರನ್ನು ಅಲ್ಲಿ ಚುಚ್ಚಿ, ಅದರ ಜೋಡಿಯನ್ನು ಬೇಕಾದವರ ತೂತಿಗೆ ಚುಚ್ಚಬೇಕು. ಬಿಸಿ ವಯರಿನ ವಾಸನೆ, ಕಿಟಕಿಯಾಚೆ ಪಾರಿವಾಳಗಳ ಗದ್ದಲ, ಹೆಡ್‌ಫೋನು ಒತ್ತಿ ಒತ್ತಿ ಕೂದಲಲ್ಲಿ ಬಿದ್ದ ಗೆರೆ. ಆಗ ಜನ ಒಬ್ಬರಿಗೊಬ್ಬರು ಮಾತಾಡಲು ದಿನವಿಡೀ ಕಾಯುತ್ತಿದ್ದರು. ದೂರದೂರಿನ ಟ್ರಂಕ್ ಕಾಲು ಸಿಕ್ಕಿತೆಂದರೆ ಹಬ್ಬ. ಸಿಕ್ಕ ಮೇಲೂ ಮೂರು ನಿಮಿಷವಾದೊಡನೆ ಅಕ್ಕ ನಡುವೆ ಬಾಯಿ ಹಾಕಿ, ಮೂರು ನಿಮಿಷ ಆಯಿತು, ಮುಂದುವರಿಸಲೇ ಎಂದು ಕೇಳಬೇಕಿತ್ತು. ಹಾಗೆ ಕೇಳಬೇಕಾದರೆ ಲೈನಿನ ಮೇಲೆ ಒಂದು ಕಿವಿ ಇರಲೇಬೇಕಲ್ಲ. ಬೇಡವೆಂದರೂ ಎಲ್ಲ ಕೇಳಿಸುತ್ತಿತ್ತು. ಕೇಳಿಸಿದ್ದನ್ನು ಅವಳು ಯಾರ ಮುಂದೂ ಎತ್ತಲಿಲ್ಲ. ಕಟ್ಟಿಕೊಂಡ ಗಂಡನಿಗೂ ಹೇಳಲಿಲ್ಲ. ಆ ಕೋಪಕ್ಕೆ ಆತ ತೀರಿಕೊಳ್ಳುವವರೆಗೂ ಮುಖ ಊದಿಸಿಕೊಂಡೇ ಇದ್ದ.

ಪೂರ್ತಿ ನಿದ್ದೆಯ ಆಸೆ ಹುಟ್ಟಿದ್ದೂ ಇದರಿಂದಲೇ. ದುಡಿದು ದುಡಿದು ಆ ಕಿವಿಗಳಿಗೆ ಮಲಗುವುದೇ ಮರೆತುಹೋಗಿತ್ತು. ಪಕ್ಕದ ಮನೆಯಲ್ಲಿ ಯಾರಾದರೂ ಪಿಸುಗುಟ್ಟಿದರೂ ಅಕ್ಕನಿಗೆ ಎಚ್ಚರವಾಗುತ್ತದೆ. ಹಾಳಾದ ಮಂಡಿಯ ನೆಪದಲ್ಲಾದರೂ ಒಂದಿಷ್ಟು ಹೊತ್ತು ಯಾರ ದನಿಯೂ ಮುಟ್ಟದ ಕಡೆ ಹೋಗಿ ಬರೋಣ ಎಂದು ಅವಳು ಮಗು ಜಾತ್ರೆಗೆ ಕಾಯುವ ಹಾಗೆ ಕಾದಿದ್ದಳು.

ಆಪರೇಷನ್ನಿನ ದಿನ ಬೆಳಿಗ್ಗೆ ಆಸ್ಪತ್ರೆಗೆ ಸೇರಿದೊಡನೆ ಮಂಡಿ ಡಾಕ್ಟರೂ ಅರಿವಳಿಕೆ ಕೊಡುವ ಡಾಕ್ಟರಮ್ಮನೂ ಬಂದರು. ಡಾಕ್ಟರಮ್ಮ ನಿಧಾನವಾಗಿ ತಿಳಿಸಿ ಹೇಳಿದಳು. ದಾರಿ ಎರಡು. ಬೆನ್ನಿಗೆ ಸೂಜಿ ಕೊಟ್ಟರೆ ಸೊಂಟದ ಕೆಳಗೆ ಮರಗಟ್ಟುತ್ತದೆ, ನೋವಿರುವುದಿಲ್ಲ, ಎಚ್ಚರವಿರುತ್ತದೆ; ಬೇಕೆಂದರೆ ಜೊಂಪು ಹತ್ತಲು ಸ್ವಲ್ಪ ಔಷಧಿ ಕೊಡಬಹುದು. ಇಲ್ಲವಾದರೆ ಪೂರ್ತಿ ನಿದ್ದೆ. ಅಕ್ಕನ ಎದೆ, ಉಸಿರು ಎಲ್ಲ ಗಟ್ಟಿಯಿರುವುದರಿಂದ ಯಾವುದಾದರೂ ಸರಿಯೇ, ಮಧ್ಯಾಹ್ನದೊಳಗೆ ಯೋಚಿಸಿ ಹೇಳಿದರಾಯಿತು.

ಅಕ್ಕ ಯೋಚಿಸಲೇ ಇಲ್ಲ, ಪೂರ್ತಿ ನಿದ್ದೆ ಎಂದಳು. ತಂಗಿ ಸುಮ್ಮನಿರಬೇಕಲ್ಲ, ಗಂಡನ ಗೊರಕೆಯ ಕತೆ ತೆಗೆದಳು. ಮಂಡಿ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗುಟ್ಟು ಹೊರಗೆ ಬೀಳುತ್ತೆ ಅನ್ನೋದೆಲ್ಲ ಕಟ್ಟುಕತೆ, ತಾಯಿ. ಎದ್ದಾಗ ಒಂದೆರಡು ಮಾತು ತೊದಲಬಹುದು, ಅಷ್ಟೆ. ಓದಿದವರು ಇದನ್ನೆಲ್ಲ ನಂಬ್ತಾರಾ?"

ಓದಿದವರು ನಂಬುತ್ತಾರೆಂದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು. ಮೊದಲು ಬಂದವರು ನಿವೃತ್ತ ಹೆಡ್‌ಮಾಸ್ಟರು. ನೀರೂ ಕುಡಿಯಬಾರದೆಂದು ಮಲಗಿಸಿದವಳ ಮುಂದೆ ಒಂದು ಬುಟ್ಟಿ ಹಣ್ಣಿಟ್ಟು, ಮನುಷ್ಯ ಯಾವ ಸ್ಥಿತಿಯಲ್ಲೂ ಎಚ್ಚರ ತಪ್ಪಬಾರದು ಎಂದು ಬೋಧಿಸಿದರು. ಅಕ್ಕನಿಗೆ ಮೊದಲು ಸಂತೋಷವೇ ಆಯಿತು. ಇಷ್ಟು ವರ್ಷದ ಮೇಲೆ ಹುಡುಕಿಕೊಂಡು ಬಂದರಲ್ಲ. ಆಮೇಲೆ ಅವರು ಗಂಟಲು ಸರಿಮಾಡಿಕೊಂಡು, ಹಳೆಯ ಕಾಲದ ಫೋನುಗಳೇನಾದರೂ ನೆನಪಿವೆಯೇ ಎಂದು ಕೇಳಿದರು. ಇಲ್ಲದೆ ಏನು? ಊರಿಗೆಲ್ಲ ಗಣಿತದ ಹುಲಿಯಾಗಿದ್ದ ಈ ಮನುಷ್ಯ ಮಾರನೆಯ ದಿನದ ಲೆಕ್ಕಗಳನ್ನು ಪ್ರತಿ ಸಂಜೆ ದೂರದೂರಿನಲ್ಲಿದ್ದ ತಮ್ಮ ಸೋದರಿಗೆ ಫೋನು ಮಾಡಿ ಬಿಡಿಸಿಕೊಳ್ಳುತ್ತಿದ್ದರು. ಏನೂ ನೆನಪಿಲ್ಲ ಎಂದಳು ಅಕ್ಕ. ಹೆಡ್‌ಮಾಸ್ಟರು ಅರ್ಧ ನಂಬಿ ಎದ್ದು ಹೋದರು.

ಅವರ ಹಿಂದೆಯೇ ಕನ್ನಡಕದಂಗಡಿಯ ಯಜಮಾನಿ ಬಂದಳು. ಹಿರಿಯರು ನೋಡಿ ಮಾಡಿದ ಮದುವೆ ಎಂದರೆ ಹೀಗಿರಬೇಕು ಎಂದು ಸೊಸೆಯಂದಿರಿಗೆ ದಿನಾ ಪಾಠ ಹೇಳುವವಳು. ಆ ಹಿರಿಯರು ನೋಡುವುದಕ್ಕೆ ಎಷ್ಟೋ ಮೊದಲೇ ಅವಳೂ ಅವಳ ಗಂಡನೂ ಫೋನಿನಲ್ಲಿ ಮುಂದಿನ ಮಕ್ಕಳ ಹೆಸರಿಗಾಗಿ ಜಗಳವಾಡಿದ್ದರು. ಆ ಜಗಳ ಮುಗಿಯಲೆಂದು ಅಕ್ಕ ಎಷ್ಟೋ ಸಲ ಗಡಿಯಾರವನ್ನೇ ನೋಡದೆ ಕೂತಿದ್ದಳು. ಅದೇ ಹುಡುಗಿ ಈಗ ಕೈ ಹಿಡಿದುಕೊಂಡು, ಬೆನ್ನಿಗೇ ಸೂಜಿ ಹಾಕಿಸಿಕೋ, ಜೊಂಪಿನ ಔಷಧಿಯೂ ಬೇಡ, ಅರೆನಿದ್ದೆ ಇನ್ನೂ ಅಪಾಯ ಎಂದು ಅಂಗಲಾಚಿದಳು.

ಅಕ್ಕನಿಗೆ ರೇಗಿತು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಬದುಕಿದ್ದಕ್ಕೆ ಇದೇನಾ ಮರ್ಯಾದೆ? ಬಂದವರಲ್ಲಿ ಒಬ್ಬರಾದರೂ ಮಂಡಿ ನೋಯುತ್ತದೆಯೇ ಎಂದು ಕೇಳಿದರೇ? ಸಾಯಲಿ, ಇನ್ನು ಯಾರ ಮಾತಿಗೂ ಸೊಪ್ಪು ಹಾಕುವುದಿಲ್ಲ ಎಂದು ಗೋಡೆಯ ಕಡೆ ತಿರುಗಿದಳು.

ಅಷ್ಟರಲ್ಲಿ ಫೋಟೋ ಸ್ಟುಡಿಯೋದವರು ಬಾಗಿಲಲ್ಲಿ ನಿಂತರು. ತಲೆ ಪೂರ್ತಿ ನರೆತಿತ್ತು. ಅವರೇನೂ ಬೋಧಿಸಲಿಲ್ಲ, ಮೊದಲು ಮಂಡಿಯನ್ನೇ ವಿಚಾರಿಸಿದರು. ಹುಡುಗನಾಗಿದ್ದಾಗ ಅವರು ದಿನಾ ಒಂದೇ ನಂಬರು ಕೇಳುತ್ತಿದ್ದರು. ಆ ಮನೆಯವರು ಮಗಳನ್ನು ಕರೆದುಕೊಂಡು ಊರು ಬಿಟ್ಟು ಹೋಗಿ ತಿಂಗಳುಗಳಾಗಿದ್ದವು.

"ಆ ಕಡೆ ಯಾರೂ ಎತ್ತಲ್ಲ ಅಂತ ನಿಮಗೆ ಗೊತ್ತಿತ್ತು," ಎಂದರು ಅವರು ಮೆಲ್ಲಗೆ. "ಆದ್ರೂ ದಿನಾ ಕೂಡಿಸಿಕೊಟ್ರಿ. ಆ ಮನೇಲಿ ಗಂಟೆ ಬಾರಿಸ್ತಿದೆ ಅನ್ನೋದೇ ಆಗ ನಂಗೆ ದೊಡ್ಡದಾಗಿತ್ತು. ಹೊರಗೆ ನನ್ನ ಹೆಂಡ್ತಿ ಕೂತಿದಾಳೆ. ಒಳ್ಳೆಯವಳು. ಈ ವಯಸ್ಸಲ್ಲಿ ಅವಳ ಮನಸ್ಸು ನೋಯೋದು ಬೇಡ, ಅಲ್ವಾ?"

ಖಾಲಿ ಮನೆಯಲ್ಲಿ ಬಾರಿಸುತ್ತಿದ್ದ ಆ ಗಂಟೆ ಅಕ್ಕನ ಕಿವಿಯಲ್ಲೂ ಇನ್ನೂ ಇತ್ತು. ತಾನೂ ಆಗ ಹುಡುಗಿಯೇ. ವಯರು ಕೀಳಲು ಮನಸ್ಸಾಗದೆ ಎಷ್ಟೋ ಸಂಜೆ ಹಾಗೇ ಬಿಟ್ಟಿದ್ದಳು. ಕಣ್ಣೊರೆಸಿಕೊಂಡು ಡಾಕ್ಟರಮ್ಮನನ್ನು ಕರೆಸಿ, ಬೆನ್ನಿಗೇ ಕೊಡಿ, ಜೊಂಪಿನದೂ ಬೇಡ ಎಂದಳು. ಅವಳ ನಿದ್ದೆ ಹಾಗೆ ಕೈ ತಪ್ಪಿತು.

ಮಧ್ಯಾಹ್ನ ಆಪರೇಷನ್ ಶುರುವಾಯಿತು. ಎದೆಯ ಮೇಲೆ ಹಸಿರು ಪರದೆ, ಅದರಾಚೆ ತನ್ನದಲ್ಲವೆನ್ನಿಸುವ ಕಾಲು. ನೋವೇನೂ ಇರಲಿಲ್ಲ. ಆದರೆ ಗರಗಸ, ಸುತ್ತಿಗೆ ಎಲ್ಲ ಚೆನ್ನಾಗಿ ಕೇಳಿಸುತ್ತಿತ್ತು. ಅದನ್ನು ಕೇಳಲಾರದೆ ಅಕ್ಕ ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ಅಂಚೆ ಕಚೇರಿಯ ಮೆಟ್ಟಿಲು ಹತ್ತಿ, ಸ್ಟೂಲಿನ ಮೇಲೆ ಕೂತು, ಹೆಡ್‌ಫೋನು ಏರಿಸಿಕೊಂಡಳು. ಪಾರಿವಾಳಗಳೂ ಬಂದವು. ಡಾಕ್ಟರಮ್ಮ ಬಗ್ಗಿ ನೋಡಿ, ಪಾಪ, ತಾನಾಗೇ ನಿದ್ದೆ ಹತ್ತಿದೆ ಎಂದಳು.

ಆಗ ಮಂಡಿ ಡಾಕ್ಟರು ಸುತ್ತಿಗೆ ಆಡಿಸುತ್ತಲೇ ಡಾಕ್ಟರಮ್ಮನ ಮುಂದೆ ತಮ್ಮ ಸಂಕಟ ತೋಡಿಕೊಂಡರು. ಅವರದೇ ಎಡಮಂಡಿ ಪೂರ್ತಿ ಸವೆದುಹೋಗಿತ್ತು. ಆಪರೇಷನ್ ಎಂದರೆ ಅವರಿಗೇ ಭಯ. ಅದಕ್ಕೇ ಪ್ರತಿ ಭಾನುವಾರ ಟೋಪಿ ಹಾಕಿಕೊಂಡು ಮುಖ ಮರೆಸಿ, ಪಕ್ಕದೂರಿನಲ್ಲಿ ಎಣ್ಣೆ ತಿಕ್ಕುವವನ ಹತ್ತಿರ ಹೋಗುತ್ತಿದ್ದಾರೆ. ಯಾರನ್ನು ಕಳ್ಳನೆಂದು ರೋಗಿಗಳ ಮುಂದೆ ದಿನಾ ಬಯ್ಯುತ್ತಾರೋ ಅವನ ಹತ್ತಿರವೇ.

"ಎಷ್ಟೋ ವಾಸಿಯಾಗಿದೆ ಕಣಮ್ಮ," ಎಂದರು. "ಆದ್ರೆ ಹೊರಗೆ ಗೊತ್ತಾದ್ರೆ ಇನ್ನು ನನ್ನ ಹತ್ರ ಯಾರು ಮಂಡಿ ಕೊಡ್ತಾರೆ?"

ಮಾತು ಬೆಳೆಯುತ್ತಲೇ ಹೋಯಿತು. ಅಕ್ಕನ ಬೆರಳು ಹಾಳೆಯ ಕೆಳಗೆ ತಾನಾಗಿ ವಯರಿಗಾಗಿ ತಡಕಾಡಿತು. ಪರದೆಯ ಈಚೆಯಿಂದ, ಹಳೆಯ ಕಾಲದ ಅದೇ ಇಂಪಾದ ದನಿ ಬಂತು.

"ಮೂರು ನಿಮಿಷ ಆಯಿತು. ಮುಂದುವರಿಸಲೇ?"

ಸುತ್ತಿಗೆ ನಿಂತಿತು.

ಸಂಜೆ ವಾರ್ಡಿಗೆ ಬಂದ ಮಂಡಿ ಡಾಕ್ಟರು ತಂಗಿಯನ್ನೂ ನರ್ಸನ್ನೂ ಹೊರಗೆ ಕಳಿಸಿದರು. ಮಂಡಿ ಹೂವಿನ ಹಾಗೆ ಕೂತಿದೆ, ಇನ್ನೊಂದು ಕಾಲನ್ನೂ ಆದಷ್ಟು ಬೇಗ ಮಾಡಿಬಿಡೋಣ ಎಂದರು.

"ಆಗ್ಲಿ. ಆದ್ರೆ ಆವತ್ತು ನಂಗೆ ಪೂರ್ತಿ ನಿದ್ದೆ ಕೊಡಲೇಬೇಕು," ಎಂದಳು ಅಕ್ಕ. "ಊರೇ ಬಂದು ಕಾಲಿಗೆ ಬಿದ್ರೂ ಕೇಳಲ್ಲ. ನೀವೇ ನಿಂತು ಅವರಿಗೆಲ್ಲ ಬುದ್ಧಿ ಹೇಳಿ, ಡಾಕ್ಟ್ರೇ."

ಡಾಕ್ಟರು ನಗಲಿಲ್ಲ. ಬಾಗಿಲ ಕಡೆ ನೋಡಿದರು, ಸ್ಟೂಲನ್ನು ಹತ್ತಿರ ಎಳೆದುಕೊಂಡರು.

"ಅದೇ ಹೇಳೋಣ ಅಂತ ಬಂದೆ, ತಾಯಿ. ಪೂರ್ತಿ ನಿದ್ದೆ ಯಾಕೆ ಬೇಕು? ಆ ಮಂಡೀನೂ ಎಚ್ಚರದಲ್ಲೇ ಮಾಡಿಬಿಡೋಣ. ಬೆನ್ನಿಗೇ ಸೂಜಿ. ಜೊಂಪಿನದೂ ಬೇಡ."

ಅವರು ಹೋದ ಮೇಲೆ ತಂಗಿ ಓಡಿ ಬಂದು ಡಾಕ್ಟರು ಗುಟ್ಟಾಗಿ ಏನು ಹೇಳಿದರು ಎಂದು ಕೇಳಿದಳು. ಅಕ್ಕನಿಗೆ ಅಳು ಬರುವಂತಿತ್ತು. ಏನೂ ಹೇಳಲಿಲ್ಲ ಎಂದಳು.