ಶಿಕ್ಷೆಗೆ ಒಂದು ಅವರೆಕಾಳು

ನಮ್ಮ ಶಾಲೆಯಲ್ಲಿ ದಿನಾ ಏನಾದರೊಂದು ಎಡವಟ್ಟು ಆಗಲೇಬೇಕು. ಆಗಲಿಲ್ಲ ಅಂದರೆ ಅವತ್ತು ಭಾನುವಾರ ಇರಬೇಕು. ಅಮೆರಿಕದ ಪ್ಲೇನ್ಸ್‌ಬರೋ ಊರಿನ ನಮ್ಮನೆಯಿಂದ ಇಪ್ಪತ್ತು ನಿಮಿಷ ಡ್ರೈವ್ ಮಾಡಿದರೆ ಶಾಲೆ. ಅಲ್ಲಿ ಎರಡನೇ ಕ್ಲಾಸಿಗೆ ನಾನು ಸಹಾಯಕಿ. ಕ್ಲಾಸ್ ಟೀಚರ್ ಆರಡಿ ದಾಟಿದ ಮನುಷ್ಯ, ಆಫ್ರಿಕನ್ ಅಮೆರಿಕನ್. ಇಡೀ ಶಾಲೆಯಲ್ಲಿ ಪಾಠ ಮಾಡೋ ಬ್ಲ್ಯಾಕ್ ಗಂಡಸು ಅವರೊಬ್ಬರೇ. ಮನೇಲಿ ನಾನು ಅವರನ್ನ ‘ಮೇಷ್ಟ್ರು’ ಅಂತಲೇ ಅನ್ನೋದು.

ಕುರ್ಚಿ

ಮೊದಲು ನನ್ನ ತಪ್ಪನ್ನೇ ಹೇಳಿಬಿಡ್ತೀನಿ. ಕೆಲಸಕ್ಕೆ ಸೇರಿದ ದಿನ ಕ್ಲಾಸಲ್ಲಿ ಒಂದು ಕುರ್ಚಿಯ ಕಾಲು ಅಲ್ಲಾಡ್ತಿತ್ತು. ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ರಿಪೇರಿಯವರು ಅಂದುಕೊಂಡು, “ಸರ್, ಇದನ್ನ ಸ್ವಲ್ಪ ಸರಿ ಮಾಡಿಕೊಡಿ. ಟೀಚರ್ ಬಂದು ಬೈದಾರು” ಅಂದೆ.

ಅವರು ಸ್ಕ್ರೂಡ್ರೈವರ್ ತಂದು, ಮಂಡಿಯೂರಿ ಬಿಗಿ ಮಾಡಿದರು. ಆಮೇಲೆ ಅದರ ಮೇಲೇ ಆರಾಮಾಗಿ ಕೂತು, “ಟೀಚರ್‌ಗೆ ಕೋಪ ಇಲ್ಲ ಬಿಡಿ” ಅಂದರು.

ಅವತ್ತು ನನಗಾದ ನಾಚಿಕೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಐದೈದರ ಕುಣಿತ

ಮೇಷ್ಟ್ರು ಐದು, ಹತ್ತು, ಹದಿನೈದು ಅಂತ ಎಣಿಸೋದನ್ನ ಕುಣಿಸಿಕೊಂಡೇ ಕಲಿಸ್ತಾರೆ. ಪೇರೆಂಟ್ಸ್ ಮೀಟಿಂಗಿಗೆ ಬಂದ ನಮ್ಮ ಕಡೆಯ ತಾಯಿಯೊಬ್ಬರು ಗೋಳು ತೋಡಿಕೊಂಡರು. “ಸರ್, ನಮ್ಮದು ಮೂರನೇ ಫ್ಲೋರ್. ಇವನು ಸಂಜೆಯೆಲ್ಲ ಕುಣಿದು ಎಣಿಸ್ತಾನೆ. ಕೆಳಗಿನ ಮನೆಯವರು ಎರಡು ಸಲ ಕಂಪ್ಲೇಂಟ್ ಮಾಡಿದಾರೆ!”

“ಲೆಕ್ಕ ಸರಿಯಾಗಿ ಬರುತ್ತಾ?”

“ನೂರರ ತನಕ ಬರುತ್ತೆ.”

“ಹಾಗಾದರೆ ಕೆಳಗಿನವರಿಗೂ ಬಾಯಿಪಾಠ ಆಗಿರುತ್ತೆ.”

ಶಿಕ್ಷೆ

ಗಂಡಸು, ಎತ್ತರ, ಅದರ ಮೇಲೆ ಬ್ಲ್ಯಾಕ್. ಗದರಿಸೋಕೆ ಇವರೇ ಲಾಯಕ್ಕು ಅಂತ ಉಳಿದ ಟೀಚರ್‌ಗಳು ತಮ್ಮಷ್ಟಕ್ಕೆ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಯಾವ ಕ್ಲಾಸಲ್ಲಿ ಯಾರು ತಂಟೆ ಮಾಡಿದರೂ, ಕೈಗೊಂದು ಚೀಟಿ ಕೊಟ್ಟು ನಮ್ಮಲ್ಲಿಗೆ ಕಳಿಸೋರು.

ಆಗ ನಮ್ಮಲ್ಲಿ ಬೀಜ ಮೊಳೆಸೋ ಪಾಠ ನಡೀತಿತ್ತು. ಇಂಡಿಯನ್ ಅಂಗಡಿಗಳಿರೋ ಜ್ಯಾಕ್ಸನ್ ಹೈಟ್ಸ್‌ಗೆ ಸೀರೆ ತರೋಕೆ ಹೋದಾಗ ತಂದಿದ್ದ ಒಣ ಅವರೆಕಾಳನ್ನ ನಾನೇ ಕೊಟ್ಟಿದ್ದೆ. ಚೀಟಿ ಹಿಡಿದು ಬಂದ ಮಗುವಿಗೂ ಮೇಷ್ಟ್ರು ಒಂದು ಕಾಳು, ಒದ್ದೆ ಟಿಶ್ಯೂ, ಹೆಸರು ಬರೆದ ಪ್ಲಾಸ್ಟಿಕ್ ಲೋಟ ಕೊಟ್ಟು ಕಿಟಕಿಯಲ್ಲಿ ಇಡಿಸೋರು. ಗದರಿಕೆ ಅಂದರೆ ಇಷ್ಟೇ.

ಹೀಗಿರುವಾಗ ಪ್ರಿನ್ಸಿಪಾಲ್ ಮೇಡಂ ಮೇಷ್ಟ್ರನ್ನ ಕರೆದು, “ಜನವರಿಯಿಂದ ಕ್ಲಾಸ್ ಬಿಟ್ಟು ಇಡೀ ಶಾಲೆಯ ಶಿಸ್ತು ನೋಡಿಕೊಳ್ಳಿ” ಅಂದರು. ಅವತ್ತು ಮೇಷ್ಟ್ರು ಊಟದ ಡಬ್ಬಿ ತೆರೆಯಲೇ ಇಲ್ಲ. “ಮಕ್ಕಳಿಗೆ ಓದೋಕೆ ಬಂದಾಗ ಅವರ ಮುಖ ನೋಡ್ಬೇಕು ನನಗೆ. ಹೆದರಿಸೋದೇ ಕೆಲಸ ಅಂದರೆ ನಾನು ಇಲ್ಲಿರಲ್ಲ” ಅಂದರು. ಇವರಿಲ್ಲದ ಕ್ಲಾಸಿಗೆ ನಾನಾದರೂ ಯಾಕೆ ಬರಲಿ?

ಮಾರನೇ ವಾರ, ಇವರು ಹೇಗೆ ಗದರಿಸ್ತಾರೆ ನೋಡೋಣ ಅಂತ ಮೇಡಂ ಖುದ್ದಾಗಿ ಬಂದರು. ಬಾಗಿಲಲ್ಲಿ ಒಂಬತ್ತು ತಂಟೆಕೋರರ ಸಾಲು, ಎಲ್ಲರ ಕಣ್ಣೂ ಕಿಟಕಿಯ ಮೇಲೆ.

“ಏನು ಮಾಡಿದೆ?” ಮೊದಲನೆಯವನನ್ನ ಮೇಡಂ ಕೇಳಿದರು.

“ಡೆಸ್ಕ್ ಮೇಲೆ ಹತ್ತಿದೆ. ಇಲ್ಲಿಗೆ ಬಂದು ನನ್ನ ಕಾಳಿಗೆ ಬಾಲ ಬಂದಿದೆಯಾ ನೋಡ್ಬೇಕಿತ್ತು.”

ಮೇಡಂ ಕಿಟಕಿ ನೋಡಿದರು. ಹದಿನೆಂಟು ಮಕ್ಕಳ ಕ್ಲಾಸಿಗೆ ಮೂವತ್ತೊಂದು ಲೋಟ!

ಸಾಲಿನ ಕೊನೆಯಲ್ಲಿ ಮೂರನೇ ಕ್ಲಾಸಿನ ಹುಡುಗಿ. ಇಡೀ ಶಾಲೆಗೇ ಒಳ್ಳೆ ಹುಡುಗಿ ಅಂತ ಹೆಸರು ಪಡೆದವಳು. ಅವಳ ಚೀಟಿ ಮೇಡಂ ಗಟ್ಟಿಯಾಗಿ ಓದಿದರು. “ಇವಳು ಇವತ್ತು ತುಂಬಾ ಕೆಟ್ಟವಳು. ದಯವಿಟ್ಟು ಊಟದ ತನಕ ಇಟ್ಟುಕೊಳ್ಳಿ.” ಕೆಳಗೆ ಅವಳದೇ ಸಹಿ.

ಮೇಡಂ ನಗು ತಡೆಯೋಕೆ ಹೋಗಿ ಕೆಮ್ಮಿದರು. “ನಿಮ್ಮನ್ನ ಶಿಸ್ತಿಗೆ ಹಾಕಿದರೆ ಇಲ್ಲಿ ಒಂದು ಮಗುವೂ ನೆಟ್ಟಗಿರಲ್ಲ. ನೀವು ಪಾಠಾನೇ ಮಾಡಿ ಮಾರಾಯರೇ!”

ಅಬ್ಬಾ! ಹೋದ ಜೀವ ಬಂತು. ಮೇಷ್ಟ್ರು ಕುರ್ಚಿಗೆ ಒರಗಿ ಉಸಿರು ಬಿಟ್ಟರು.

ಹುಡುಗಿ ಮಾತ್ರ ಅಲ್ಲೇ ನಿಂತಿದ್ದಳು. “ನನ್ನ ಶಿಕ್ಷೆ?”

ಮೇಷ್ಟ್ರು ಮುಖ ಗಂಟಿಕ್ಕಿಕೊಂಡು ಅವರೆಕಾಳಿನ ಡಬ್ಬಿ ತೆಗೆದರು. “ಪಾಠ ಬಿಟ್ಟು ಬಂದಿದ್ದಕ್ಕೆ ಒಂದು ಕಾಳು. ಒಳ್ಳೆಯವಳಾಗಿದ್ದೂ ಕೆಟ್ಟವಳು ಅಂತ ಸುಳ್ಳು ಬರೆದಿದ್ದಕ್ಕೆ ಇನ್ನೊಂದು.”