ಖಾಲಿ ಕುರ್ಚಿಯ ಮೇಲಿನ ಫ್ಯಾನು

ಫ್ಯಾನು ಬಂದ್ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ, ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ನಾನು ತಪ್ಪದೆ ಮಾಡಿದ ಕೆಲಸ ಅದೊಂದೇ. ನಮ್ಮ ಮನೆಯವರು ಯಲಬುರ್ಗಾದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಪಡಸಾಲೆಯಲ್ಲಿ ಫ್ಯಾನು ಹಚ್ಚಿ ಕೂತರೆ, ಎದ್ದು ಹೋಗುವಾಗ ಬಂದ್ ಮಾಡುವ ಅಭ್ಯಾಸ ಅವರ ಕೈಗೆ ಇರಲೇ ಇಲ್ಲ. ಬಚ್ಚಲಿಗೆ ಹೋದರೂ ಅದು ತಿರುಗುತ್ತಿರಬೇಕು, ಪೇಟೆಗೆ ಹೋದರೂ ತಿರುಗುತ್ತಿರಬೇಕು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ಬಂದ್ ಮಾಡುತ್ತಿದ್ದೆ. ನಮ್ಮ ಮನೆಯ ಸ್ವಿಚ್ಚಿನ ಮೇಲೆ ಈಗಲೂ ಜೋಳದ ಹಿಟ್ಟು ಗಟ್ಟಿಯಾಗಿ ಕೂತಿದೆ. “ಯಾರಿಗಿ ಗಾಳಿ ಬೀಸಾಕ ಬಿಟ್ಟು ಹೊಂಟ್ರಿ? ಗ್ವಾಡಿಗೇನ್ರಿ?” ಎಂದು ಗೋಡೆ ತೋರಿಸಿ ಕೂಗುತ್ತಿದ್ದೆ. “ಇರಲಿ ಬಿಡ, ಫ್ಯಾನ್ ತಿರುಗತಿದ್ರ ಮನ್ಯಾಗ ಮಂದಿ ಅದಾರ ಅಂತ ಅನಸತೈತಿ,” ಎಂದು ಅವರು ಚಪ್ಪಲಿ ಮೆಟ್ಟುತ್ತಿದ್ದರು.

ಈ ರೂಢಿ ಅವರಿಗೆ ಹತ್ತಿದ್ದು ಕಚೇರಿಯಲ್ಲಿ. ಅಲ್ಲೊಂದು ಪದ್ಧತಿಯಿದೆ, ಯಾವ ನಿಯಮದ ಪುಸ್ತಕದಲ್ಲೂ ಬರೆದಿಲ್ಲ, ಆದರೆ ಎಲ್ಲ ಹಳ್ಳಿಗಳಿಗೂ ಗೊತ್ತು. ಕುರ್ಚಿ ಖಾಲಿಯಿದ್ದು ಮೇಲೆ ಫ್ಯಾನು ತಿರುಗುತ್ತಿದ್ದರೆ, ಸಾಹೇಬರು ಚಹಾಕ್ಕೆ ಹೋಗಿದ್ದಾರೆ, ಬರುತ್ತಾರೆ, ಕಾಯಬೇಕು. ಫ್ಯಾನು ನಿಂತಿದ್ದರೆ ಸಾಹೇಬರು ರಜೆ, ಬಂದ ದಾರಿಗೆ ಸುಂಕವಿಲ್ಲವೆಂದು ಮರಳಬೇಕು. ಹೀಗಾಗಿ ಆ ಕಚೇರಿಗೆ ಬರುವ ಮಂದಿ ಬಾಗಿಲಲ್ಲಿ ನಿಂತು ಮೊದಲು ಮೇಲೆ ನೋಡುತ್ತಾರೆ, ಆಮೇಲೆ ಕೆಳಗೆ. ಮೂರು ವರ್ಷದ ಹಿಂದೆ ನಮ್ಮ ಮನೆಯವರು ಕುಷ್ಟಗಿಗೆ ಒಂದು ಲಗ್ನಕ್ಕೆಂದು ಹೋದರು. ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಅವತ್ತೂ ಮನೆಯಲ್ಲಿ ಫ್ಯಾನು ಹಚ್ಚಿಯೇ ಹೋಗಿದ್ದರು. ನಾನು ಅದನ್ನು ಬಂದ್ ಮಾಡಿ, ಅವರನ್ನು ಬೈದುಕೊಳ್ಳುತ್ತಲೇ ಬಟ್ಟೆ ಒಗೆಯಲು ಕೂತಿದ್ದೆ.

ವರ್ಷ ತುಂಬುವುದರೊಳಗೆ ಅನುಕಂಪದ ಮೇಲೆ ಅದೇ ಕಚೇರಿಯಲ್ಲಿ ನನಗೆ ಸಿಪಾಯಿ ಕೆಲಸ ಕೊಟ್ಟರು. ಎಸ್ಸೆಸ್ಸೆಲ್ಸಿ ಓದಿದವಳಿಗೆ ಅದಕ್ಕಿಂತ ಹೆಚ್ಚಿನದು ಸಿಗುವಂತಿರಲಿಲ್ಲ. ಕಡತ ಒಯ್ಯುವುದು, ನೀರು ತುಂಬಿಡುವುದು, ಬೆಳಿಗ್ಗೆ ದೀಪ, ಫ್ಯಾನು ಹಚ್ಚಿ ಸಂಜೆ ಬಂದ್ ಮಾಡುವುದು. ನನ್ನಲ್ಲಿದ್ದ ಒಂದೇ ವಿದ್ಯೆಯನ್ನು ಸರ್ಕಾರ ಹೇಗೋ ಪತ್ತೆ ಮಾಡಿತ್ತು. ಆದರೆ ಮೊದಲ ದಿನವೇ ಆ ವಿದ್ಯೆ ಕೈಕೊಟ್ಟಿತು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಕುರ್ಚಿ ಖಾಲಿ, ಮೇಜಿನ ಮೇಲೆ ಅವರದೇ ಕೈಯ ಮಸಿ ಕಲೆ. ನನ್ನ ಕೈ ಹೋಗಿ ಆ ಫ್ಯಾನು ಹಚ್ಚಿಬಿಟ್ಟಿತು. ಮರುದಿನವೂ ಹಚ್ಚಿದೆ. ಎರಡು ವರ್ಷ ದಿನಾಲೂ ಹಚ್ಚಿದೆ. ಬದುಕಿದ್ದಾಗ ಒಂದು ನಿಮಿಷ ಸುಮ್ಮನೆ ತಿರುಗಲು ಬಿಡದವಳು, ಸತ್ತ ಮೇಲೆ ಹತ್ತೂವರೆಯಿಂದ ಐದೂವರೆವರೆಗೆ ಅವರಿಗೆ ಗಾಳಿ ಹಾಕಿದೆ. ಕಚೇರಿಯಲ್ಲಿ ಯಾರೂ ಏನೂ ಅನ್ನಲಿಲ್ಲ.

ಹೀಗಿರುವಾಗ ಸುತ್ತೋಲೆ ಬಂತು. ಸರ್ಕಾರಿ ಕಚೇರಿಗಳು ಗಾಳಿಗೆ ಬಿಡುವ ಇಂಗಾಲವನ್ನು ತಗ್ಗಿಸಬೇಕು, ವಿದ್ಯುತ್ ಉಳಿಸಬೇಕು ಎಂದು ಅದರಲ್ಲಿತ್ತು. ತಿಳಿವಳಿಕೆ ಕೊಡಲು ಕೊಪ್ಪಳದಲ್ಲಿ ಸಭೆ ಕರೆದರು. ನಮ್ಮ ಶಿರಸ್ತೇದಾರರಾದ ಅಮರೇಶಪ್ಪನವರು, ಕಚೇರಿಯ ಸಿಬ್ಬಂದಿಗೆಲ್ಲ ಹಿರಿಯರು, ಹೋಗಿ ಬಂದರು. ಹೊರಗೆ ಜೀವ ಸುಡುವ ಬಿಸಿಲು. ಇವರು ಮಾತ್ರ ನೆಗಡಿ ಹತ್ತಿಸಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಸಭೆಯ ಕೋಣೆಯಲ್ಲಿ ಏಸಿ ಅಷ್ಟು ಜೋರಾಗಿತ್ತಂತೆ.

“ನೋಡ್ರಿ, ಕರೆಂಟ್ ಅಂದ್ರ ಕಲ್ಲಿದ್ದಲು ಸುಟ್ಟ ಹೊಗಿ. ಖಾಲಿ ಕುರ್ಚಿ ಮ್ಯಾಲ ಫ್ಯಾನ್ ತಿರುಗಬಾರದು,” ಎಂದು ಸೀನಿದರು.

“ಅಲ್ಲಿ ಏಸಿ ಬಂದ್ ಮಾಡ್ರಿ ಅನ್ನಾಕ ಬಾಯಿ ಇರಲಿಲ್ಲೇನ್ರಿ ಸರ್?” ಎಂದರು ಒಳಕೋಣೆಯ ಗುಮಾಸ್ತೆ. ಆ ಹೆಣ್ಣುಮಗಳನ್ನು ನಾವೆಲ್ಲ ಗೌರವದಿಂದ ಬಾಯಾರು ಅನ್ನುತ್ತೇವೆ.

“ಅನ್ನಬೇಕಂದ್ನಿ, ಹಲ್ಲು ಕಟಕಟ ಅಂದ್ವು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಆ ಫ್ಯಾನಿನತ್ತ ನೋಡಿದೆ. ಶಿರಸ್ತೇದಾರರು ಹಾಳೆ ಹಿಡಿದು ಫ್ಯಾನುಗಳ ಪಟ್ಟಿ ಮಾಡುತ್ತ ಕೋಣೆಯನ್ನೆಲ್ಲ ಸುತ್ತಿದರು. ನಮ್ಮ ಮನೆಯವರ ಮೇಜಿನ ಹತ್ತಿರ ಬಂದಾಗ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು ಮುಂದೆ ಹೋದರು. ನಾನು ಬದುಕಿದೆ ಅಂದುಕೊಂಡೆ.

ಮರುವಾರ ತಳಕಲ್ಲಿನಿಂದ ಹನಮಪ್ಪ ಎಂಬ ಅಜ್ಜ ಬಂದ. ಮೊಮ್ಮಗಳ ಹಾಸ್ಟೆಲ್ ಸೀಟಿಗೆ ಬೇಕಾದ ಒಂದು ಕಾಗದ ಅವನ ಕೆಲಸ. ಬಾಗಿಲಲ್ಲಿ ನಿಂತು ಮೇಲೆ ನೋಡಿದ, ಕೆಳಗೆ ನೋಡಿದ.

“ಸಾಹೇಬ್ರು ಚಹಾಕ್ಕ ಹೋಗ್ಯಾರೇನವ್ವಾ?”

ಇಲ್ಲ, ಆ ಕೆಲಸ ಈಗ ಒಳಕೋಣೆಯ ಬಾಯಾರ ಹತ್ತಿರ ಇದೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು “ಹೂಂನ್ರಿ.” ಆ ಒಂದು ಮಾತು ಎಷ್ಟು ರುಚಿಯಾಗಿತ್ತೆಂದರೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಅವರು ಚಹಾಕ್ಕೆ ಹೋಗಿದ್ದಾರೆ. ಇನ್ನೇನು, ಧೋತರದ ಚುಂಗಿಗೆ ಬಾಯಿ ಒರೆಸುತ್ತ ಬರುತ್ತಾರೆ. ಅಜ್ಜ ಬೆಂಚಿನ ಮೇಲೆ ಕೂತ. ಮಧ್ಯಾಹ್ನ ಬುತ್ತಿ ಬಿಚ್ಚಿ, ನನಗೂ ಒಂದು ರೊಟ್ಟಿ ಕೊಟ್ಟು ಉಂಡ. “ನಿಮ್ಮ ಸಾಹೇಬ್ರು ಚಹಾನ ಬ್ಯಾರೆ ಊರಾಗ ಕುಡಿತಾರೇನವ್ವಾ?” ಎಂದು ನಕ್ಕ. ನಾನು ಕಡತ ಹುಡುಕುವವಳಂತೆ ಕಪಾಟಿನೊಳಗೆ ಮುಖ ಹಾಕಿದೆ.

ನಾಲ್ಕೂವರೆಗೆ ಅವನು ಎದ್ದ. “ಕಡೀ ಬಸ್ಸಿಗಿ ಹೋಗಬೇಕವ್ವಾ. ನಾಳೆರ ಸಿಗತಾರೇನು?”

“ಸಿಗಂಗಿಲ್ರಿ ಅಜ್ಜಾ. ಅವರು ತೀರಿಕೊಂಡು ಮೂರು ವರ್ಸ ಆತು.”

ಅಜ್ಜ ಮೇಲೆ ನೋಡಿದ. “ಮತ್ತ ಈ ಗಾಳಿ ಯಾರಿಗವ್ವಾ?”

“ನಮ್ಮ ಮನಿಯವರಿಗ್ರಿ,” ಎಂದೆ.

ಅವನು ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಮತ್ತೆ ಬೆಂಚಿನ ಮೇಲೆ ಕೂತು, ರುಮಾಲು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡ. “ಮುಂಜಾನೇನ ಹೇಳಿದ್ರ ಮನಿಗಿ ಹೋಗತಿದ್ನಿ ಯವ್ವಾ,” ಎಂದಷ್ಟೇ ಅಂದ. ಒಳಗೆ ಹೋಗಿ ನೋಡಿದೆ; ಬಾಯಾರು ಮೂರು ಗಂಟೆಗೇ ಕಚೇರಿ ಕೆಲಸಕ್ಕೆಂದು ಕುಕನೂರಿಗೆ ಹೋಗಿದ್ದರು. ಮುದುಕನ ಒಂದು ದಿನವನ್ನು ನಾನು ಹಾಳು ಮಾಡಿದ್ದೆ. ಅವನ ಕಾಗದ ಇಸಿದುಕೊಂಡು, ನಾಳೆ ನಾನೇ ಮಾಡಿಸಿಡುತ್ತೇನೆ ಎಂದೆ. ಆಮೇಲೆ ಗೋಡೆಯ ಹತ್ತಿರ ಹೋಗಿ, ಎರಡು ವರ್ಷದಲ್ಲಿ ಮೊದಲ ಸಲ ಐದೂವರೆಯಾಗುವ ಮುಂಚೆ ಆ ಫ್ಯಾನು ಬಂದ್ ಮಾಡಿದೆ. ಹಳೆಯ ಫ್ಯಾನು, ತಟ್ಟನೆ ನಿಲ್ಲಲಿಲ್ಲ. ಅಜ್ಜನೂ ನಾನೂ ಅದು ಪೂರ್ತಿ ನಿಲ್ಲುವವರೆಗೆ ನೋಡಿದೆವು.

ಶಿರಸ್ತೇದಾರರು ಮೆಲ್ಲಗೆ ಹತ್ತಿರ ಬಂದರು. “ನೀಲವ್ವಾ, ಅದನ್ನ ನಾ ಪಟ್ಟಿನಾಗ ಹಿಡಿದಿಲ್ಲಾ.”

“ಗೊತ್ತೈತ್ರಿ ಸರ್. ಈಗ ಹಿಡೀರಿ.”

ಆ ತಿಂಗಳ ವರದಿಯಲ್ಲಿ ನಮ್ಮ ಕಚೇರಿ ಒಂದು ಫ್ಯಾನಿನಷ್ಟು ಇಂಗಾಲ ಕಡಿಮೆ ಮಾಡಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ನಾನೂ ಕಾಯಲಿಲ್ಲ. ಅಜ್ಜನ ಕಾಗದ ಮರುದಿನವೇ ಆಯಿತು.

ಆದರೆ ಸುತ್ತೋಲೆ ಬಂದಿರುವುದು ಕಚೇರಿಗೆ ಮಾತ್ರ, ನಮ್ಮ ಮನೆಗೆ ಯಾರೂ ಕಳಿಸಿಲ್ಲ. ಈಗ ಸಂಜೆ ಮನೆಗೆ ಬಂದವಳು ಪಡಸಾಲೆಯ ಫ್ಯಾನು ಹಚ್ಚುತ್ತೇನೆ, ಅದನ್ನು ಹಾಗೇ ಬಿಟ್ಟು ರೊಟ್ಟಿ ಬಡಿಯಲು ಒಳಗೆ ಹೋಗುತ್ತೇನೆ. ಎರಡು ರೊಟ್ಟಿಯಾಗುವಷ್ಟು ಹೊತ್ತು ಅದು ತಿರುಗುತ್ತದೆ. ಆಮೇಲೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, “ಯಾರಿಗಿ ಬಿಟ್ಟು ಹೊಂಟ್ರಿ, ಗ್ವಾಡಿಗೇನ್ರಿ?” ಎಂದು ಕೂಗಿ, ಬಂದ್ ಮಾಡುತ್ತೇನೆ.