ಹದಿನೆಂಟರ ತೋಳಿಗೆ ಯಾರ ಒಪ್ಪಿಗೆ?

ಹೀಗೆಲ್ಲ ಆಗುವುದು ನನಗೊಬ್ಬನಿಗೋ, ಚುಚ್ಚುಮದ್ದಿನ ಪೆಟ್ಟಿಗೆ ಹಿಡಿದು ಊರೂರು ತಿರುಗುವ ಎಲ್ಲರಿಗೋ, ಕೆಲಸ ಬಿಟ್ಟು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಒಂದು ಊರಿನಲ್ಲಿ ತಲೆ ಚಚ್ಚಿಕೊಂಡು, ಇದಕ್ಕಿಂತ ದೊಡ್ಡದು ಇನ್ನು ಬರಲಿಕ್ಕಿಲ್ಲ ಎಂದು ಬಸ್ಸು ಹತ್ತುತ್ತಿದ್ದೆ. ಇಳಿದ ಊರಿನಲ್ಲಿ ಅದರ ಅಪ್ಪನಂಥದ್ದು ಕಾದು ಕೂತಿರುತ್ತಿತ್ತು.

ಐವತ್ತರ ದಶಕದ ಕೊನೆಯಿಂದ ಕೆಲವು ವರ್ಷ ನಾನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಸಿಡುಬಿನ ಚುಚ್ಚು ಹಾಕುವ ಕೆಲಸದಲ್ಲಿದ್ದೆ. ಜನ ನನ್ನನ್ನು ಇನ್ಸ್‌ಪೆಕ್ಟರ್ ಎನ್ನುತ್ತಿದ್ದರು. ಹಲ್ಲುಗಳಿದ್ದ ಸಣ್ಣ ಲೋಹದ ಬಿಲ್ಲೆಯನ್ನು ತೋಳಿಗೆ ಒತ್ತಿ ತಿರುಗಿಸಬೇಕು, ಅಷ್ಟೇ ಕೆಲಸ. ಕೂಸುಗಳಿಗೆ ಹಾಕುವುದು ಸುಲಭ. ಅವು ಅಳುತ್ತವೆ, ತಾಯಿ ನನ್ನನ್ನು ಬೈಯುತ್ತಾಳೆ, ಅಲ್ಲಿಗೆ ಮುಗಿಯಿತು. ತಲೆನೋವು ಶುರುವಾದದ್ದು ಸಿಡುಬು ಜೋರಾಗಿ ಎದ್ದ ಒಂದು ವರ್ಷ, ಮೇಲಿನ ಕಚೇರಿಯಿಂದ ಒಂದು ಆದೇಶ ಬಂದ ಮೇಲೆ. ಹದಿನಾಲ್ಕರವರೆಗಿನ ಮಕ್ಕಳಿಗೆ ಯಾರನ್ನೂ ಕೇಳದೆ ಹಾಕಬೇಕು. ಅದಕ್ಕೆ ಮೇಲ್ಪಟ್ಟ ಹುಡುಗ ಹುಡುಗಿಯರಿಗೆ ಮತ್ತೊಮ್ಮೆ ಹಾಕಬಹುದು, ಆದರೆ ಒಪ್ಪಿಗೆ ಪಡೆದು. ಯಾರ ಒಪ್ಪಿಗೆ ಎಂದು ಅದರಲ್ಲಿ ಇರಲಿಲ್ಲ. ಬರೆದ ಪುಣ್ಯಾತ್ಮರು ಅಷ್ಟಕ್ಕೇ ನಿಲ್ಲಿಸಿ ಊಟಕ್ಕೆ ಹೋಗಿರಬೇಕು.

ಈ ಪ್ರಾಯದವರಿಗೆ ಹಾಕಲೇಬೇಕು ಎಂಬ ಹಟ ನನಗಿತ್ತು. "ಮಗುವಿದ್ದಾಗಲೇ ಹಾಕಿಸಿದ್ದೇವಲ್ಲ" ಎಂಬ ಧೈರ್ಯದಲ್ಲಿದ್ದ ಒಬ್ಬ ಹುಡುಗ, ಗಟ್ಟಿಮುಟ್ಟಾದವ, ಹಿಂದಿನ ಸಲ ಸಿಡುಬಿನಲ್ಲಿ ತೀರಿಹೋದದ್ದನ್ನು ನಾನು ಹತ್ತಿರದಿಂದ ನೋಡಿದ್ದೆ. ಅವನ ತಾಯಿಯ ಮುಖ ನನಗೆ ಮರೆಯುವುದಿಲ್ಲ. ಮದ್ದಿನ ಬಲ ವರ್ಷ ಕಳೆದ ಹಾಗೆ ಇಳಿಯುತ್ತದೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು. ಕೇಳುವವರು ಬೇಕಲ್ಲ. ಕೆಲಸ ಹೇಳುವಾಗ ಇವರು ದೊಡ್ಡವರು, ಮಾತಾಡಿದರೆ ಸಣ್ಣವರು, ಚುಚ್ಚು ಹಾಕಲು ಹೋದರೆ ಎರಡೂ ಅಲ್ಲ.

ಬೆಂಚಿನ ಮೇಲೆ

ಮೂಡುಬಿದಿರೆ ಕಡೆಯ ಒಂದು ಹೈಸ್ಕೂಲು. ಹೆಡ್‌ಮಾಸ್ಟ್ರು ಸಜ್ಜನರು, ಆದರೆ ಅವರ ಪ್ರಪಂಚದಲ್ಲಿ ಪಬ್ಲಿಕ್ ಪರೀಕ್ಷೆಗಿಂತ ದೊಡ್ಡ ಕಾಯಿಲೆ ಇರಲಿಲ್ಲ.

"ಕೈ ಊದಿದರೆ ಇವರು ಪರೀಕ್ಷೆ ಬರೆಯುವುದು ಹೇಗೆ?" ಎಂದರು.

"ಎಡಗೈಗೆ ಹಾಕ್ತೇನೆ ಸಾರ್."

"ಜ್ವರ ಬಂದರೆ?"

"ಒಂದೆರಡು ದಿನ ಇರ್ತದೆ, ಹೋಗ್ತದೆ."

"ಹಾಗೆ ಬೇಡ. ಪರೀಕ್ಷೆ ಮುಗಿದ ಮೇಲೆ ಬನ್ನಿ."

"ಸಿಡುಬಿಗೂ ಹಾಗೆ ಹೇಳಿ ಕಳಿಸಲಿಕ್ಕೆ ಆಗ್ತದಾ ಸಾರ್?"

ಅವರು ಮೇಜಿನ ಮೇಲಿನ ರೂಲುದೊಣ್ಣೆಯನ್ನು ಕೈಗೆತ್ತಿಕೊಂಡರು. ಆಮೇಲೆ, "ಒಪ್ಪಿಗೆ ಮಕ್ಕಳದ್ದೇ ಕೇಳುವ. ದೊಡ್ಡವರಾಗಿದ್ದಾರೆ" ಎಂದು ಎದ್ದರು. ನನಗೆ ಸಂತೋಷವಾಯಿತು. ಕೊನೆಯ ತರಗತಿಗೆ ಹೋಗಿ ಅವರು ಗಂಭೀರವಾಗಿ ಹೇಳಿದರು: "ಚುಚ್ಚು ಬೇಡ ಎನ್ನುವವರು ಬೆಂಚಿನ ಮೇಲೆ ಹತ್ತಿ ನಿಲ್ಲಿ."

ಬೆಂಚಿನ ಮೇಲೆ ನಿಲ್ಲುವುದು ಆ ಶಾಲೆಯಲ್ಲಿ ಶಿಕ್ಷೆ. ಮಾನ ಮರ್ಯಾದೆ ಇರುವ ಯಾರೂ ಹತ್ತುವುದಿಲ್ಲ ಎಂದು ಅವರ ಎಣಿಕೆ. ಕಣ್ಣು ಮುಚ್ಚಿ ಬಿಡುವುದರೊಳಗೆ ಇಡೀ ತರಗತಿ ಬೆಂಚಿನ ಮೇಲಿತ್ತು. ಯಾವಾಗಲೂ ಅಲ್ಲಿಯೇ ನಿಲ್ಲುತ್ತಿದ್ದ ಹಿಂದಿನ ಸಾಲಿನವರು ಮುಂದಿನ ಸಾಲಿನವರಿಗೆ ಬೀಳದ ಹಾಗೆ ಹೇಗೆ ನಿಲ್ಲಬೇಕೆಂದು ಹೇಳಿಕೊಡುತ್ತಿದ್ದರು.

ಹೆಡ್‌ಮಾಸ್ಟ್ರ ಮುಖ ಕೆಂಪಾಯಿತು. ಹತ್ತಿ ಎಂದವರು ತಾವೇ, ಈಗ ಇಳಿಯಿರಿ ಎನ್ನುವುದು ಹೇಗೆ? ನನ್ನ ಕಡೆ ತಿರುಗಿ, "ನಿಂತಲ್ಲೇ ಹಾಕಿ ಇವರಿಗೆ" ಎಂದರು.

"ತೋಳು ಎಟಕುವುದಿಲ್ಲ ಸಾರ್. ನನ್ನ ತಲೆ ಇವರ ಮೊಣಕಾಲಿನ ಹತ್ತಿರ ಉಂಟು."

"ಕಾಲಿಗೆ ಹಾಕಿ," ಎಂದರು ಅವರು. "ಅದೇ ಒಳ್ಳೆಯದು. ಪರೀಕ್ಷೆಯನ್ನು ಯಾರೂ ಕಾಲಿನಲ್ಲಿ ಬರೆಯುವುದಿಲ್ಲ."

ಪರದೆಯ ಆಚೆಯ ಕೈ

ಬಂಟ್ವಾಳ ಪೇಟೆಯಲ್ಲಿ ಒಬ್ಬರು ಬ್ಯಾರಿ ಮುಸ್ಲಿಂ ಸಾಹುಕಾರರ ಬಟ್ಟೆಯಂಗಡಿ ಇತ್ತು. ಹಿಂದೆಯೇ ಮನೆ. ಅವರಿಗೆ ಮೂವರು ಹೆಣ್ಣುಮಕ್ಕಳು, ಮೂವರೂ ಹದಿನಾರು ದಾಟಿದವರು, ದೊಡ್ಡವಳಿಗೆ ಮದುವೆ ಗೊತ್ತಾಗಿತ್ತು. ಸಾಹುಕಾರರು ತಿಳಿದವರು. "ಹಾಕಿ ಇನ್ಸ್‌ಪೆಕ್ಟರೇ, ನನ್ನದೇನೂ ಅಡ್ಡಿಯಿಲ್ಲ" ಎಂದರು. ಇಷ್ಟು ಸಲೀಸಾಗಿ ಯಾರಾದರೂ ಒಪ್ಪಿದರೆ ನಾನು ಹೆದರಬೇಕಿತ್ತು.

ಒಳಗಿನ ಬಾಗಿಲಿಗೆ ಪರದೆ. ಹೆಂಗಸರು ಆಚೆ, ನಾನು ಈಚೆ. ಪರದೆಯ ಸಂದಿಯಿಂದ ತೋಳು ಬರುತ್ತದೆ, ನಾನು ಹಾಕಬೇಕು, ತೋಳು ಒಳಗೆ ಹೋಗಬೇಕು. ಆ ಮನೆಗಳಲ್ಲಿ ಅದು ರೂಢಿ, ನನಗೂ ಅಭ್ಯಾಸವಾಗಿತ್ತು.

ಮೊದಲ ತೋಳು ಬಂತು. ಸ್ವಲ್ಪ ಒಣಗಿದ ಹಾಗಿತ್ತು. ಮನೆಗೆಲಸ ಜಾಸ್ತಿ ಇರಬೇಕು, ಪಾಪ, ಎಂದುಕೊಂಡು ಹಾಕಿದೆ. ಎರಡನೆಯದು ಬಂತು, ಅದು ಬಲದ ತೋಳು. ಒಬ್ಬೊಬ್ಬರಿಗೆ ಒಂದೊಂದು ಅನುಕೂಲ ಎಂದು ಅದಕ್ಕೂ ಹಾಕಿದೆ. ಮೂರನೆಯದು ಬಂತು. ಅದರಲ್ಲಿ ಆಗತಾನೆ ನಾನೇ ಹಾಕಿದ ಗುರುತು ಹಸಿಯಾಗಿ ಕಾಣುತ್ತಿತ್ತು.

"ಸಾಹುಕಾರರೇ, ಈ ಕೈಗೆ ಈಗಷ್ಟೇ ಹಾಕಿದೆ" ಎಂದೆ. ಅವರು ಒಳಗೆ ಹೋಗಿ, ತಲೆ ಕೆರೆಯುತ್ತ ಹೊರಗೆ ಬಂದರು. "ಅದು ನಮ್ಮ ಉಮ್ಮನ ಕೈ ಮಾರಾಯ್ರೆ."

ಸಾಹುಕಾರರ ತಾಯಿ ಪರದೆಯ ಆಚೆಯಿಂದಲೇ ಉತ್ತರ ಕೊಟ್ಟರು. "ಮದುವೆಯ ಹುಡುಗಿಗೆ ಜ್ವರ ಬರುವುದು ಬೇಡ. ಮೂವರ ಪಾಲಿನದ್ದೂ ನನಗೇ ಹಾಕಿಬಿಡಿ. ನಾನು ತಡ್ಕೊಳ್ತೇನೆ."

ಒಬ್ಬರಿಗೆ ಹಾಕಿದ್ದು ಇನ್ನೊಬ್ಬರನ್ನು ಕಾಯುವುದಿಲ್ಲ ಎಂದು ನಾನು ಸಮಾಧಾನದಿಂದ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಕೊನೆಗೆ ಮೊಮ್ಮಕ್ಕಳನ್ನು ಕಳಿಸಿದರು. ಗಾಜಿನ ಬಳೆಯ ಮೂರು ತೋಳುಗಳು ನಗುತ್ತ ಬಂದು ಹೋದವು. ನಾನು ಪೆಟ್ಟಿಗೆ ಮುಚ್ಚುವಾಗ ಅಜ್ಜಿಯ ಸ್ವರ ಮತ್ತೆ ಕೇಳಿತು.

"ಇನ್ಸ್‌ಪೆಕ್ಟರೇ, ನನಗೆ ಹಾಕಿದ್ದರಲ್ಲಿ ಒಂದು ಹೆಚ್ಚಾಯಿತಲ್ಲ, ಅದನ್ನು ವಾಪಸ್ ತೆಗೀರಿ. ನಮ್ಮ ಅಂಗಡಿಯಲ್ಲಿ ನಾವು ತೆಗೆದುಕೊಳ್ತೇವೆ."

ಮೀಸೆ

ಇದು ವಿಟ್ಲದ ಸಂತೆಯ ದಿನದ್ದು. ಅಡಿಕೆ ಮಂಡಿಯಲ್ಲಿ ಮೂಟೆ ಹೊರುವ ಒಬ್ಬ ಹುಡುಗನಿಗೆ ನಾನು ಹಿಂದಿನ ದಿನ, "ನಾಳೆ ನಿನಗೆ ಹಾಕ್ತೇನೆ, ಇಲ್ಲೇ ಇರು" ಎಂದು ಹೇಳಿ ಹೋಗಿದ್ದೆ. ಹದಿನೇಳೋ ಹದಿನೆಂಟೋ ಇರಬೇಕು. ಮೀಸೆ ಚೆನ್ನಾಗಿ ಬಂದಿತ್ತು, ಅದನ್ನು ಅವನು ಎಣ್ಣೆ ಹಚ್ಚಿ ಸಾಕುತ್ತಿದ್ದ. ಆದೇಶದಲ್ಲಿ ಹದಿನಾಲ್ಕು ಎಂಬ ಒಂದು ಅಂಕೆ ಉಂಟು ಎಂದು ಯಾರೋ ಅವನಿಗೆ ಹೇಳಿದ್ದರು. ಅದರ ಕೆಳಗಿನವರಿಗೆ ಚುಚ್ಚು ಇಲ್ಲ ಎಂದು ಅವನು ತಾನೇ ಅರ್ಥ ಮಾಡಿಕೊಂಡಿದ್ದ.

ಮಾರನೆಯ ದಿನ ಹೋದರೆ ಮೀಸೆ ಇಲ್ಲ. ಅದು ಇದ್ದ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

"ನಿನ್ನ ಪ್ರಾಯ ಎಷ್ಟು?"

"ಹದಿಮೂರು ಸಾರ್."

"ನಿನ್ನೆ ಎಷ್ಟಿತ್ತು?"

"ನಿನ್ನೆಯೂ ಹದಿಮೂರೇ."

"ಒಳ್ಳೆಯದಾಯಿತು. ಹದಿಮೂರಾದರೆ ಯಾರನ್ನೂ ಕೇಳಬೇಕಾಗಿಲ್ಲ" ಎಂದು ತೋಳು ಹಿಡಿದು ಹಾಕಿಯೇ ಬಿಟ್ಟೆ. ಅವನು ಅಂಗಿಯ ತೋಳು ಇಳಿಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ, "ಮೀಸೆ ಇದ್ದಿದ್ದರೆ ಸಾರ್?"

"ಇದ್ದಿದ್ದರೆ ನಿನ್ನ ಒಪ್ಪಿಗೆ ಕೇಳಬೇಕಿತ್ತು."

ಚುಚ್ಚಿದಾಗ ಅಳದ ಹುಡುಗನ ಕಣ್ಣಲ್ಲಿ ಆಗ ನೀರು ಬಂತು.

ಮೇಲಿನ ಮನೆ, ಕೆಳಗಿನ ಮನೆ

ಇವೆಲ್ಲವನ್ನೂ ಸಹಿಸಿಕೊಂಡೆ. ಆದರೆ ಬೆಳ್ತಂಗಡಿಯ ಆಚೆ, ಕಕ್ಕಿಂಜೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಆದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೊಣಕಾಲು ನೋಯುತ್ತದೆ.

ಘಟ್ಟ ಇಳಿದು ಬಂದ ಒಬ್ಬನಿಗೆ ಕಕ್ಕಿಂಜೆಯಲ್ಲಿ ಸಿಡುಬು ಎದ್ದಿದೆ ಎಂದು ಸುದ್ದಿ ಬಂದಿತ್ತು. ಈ ಹಳ್ಳಿಯ ಎರಡು ದೊಡ್ಡ ಮನೆಗಳ ಇಬ್ಬರು ಹುಡುಗರು, ಇಬ್ಬರಿಗೂ ಹದಿನೆಂಟು, ಎತ್ತಿನ ಗಾಡಿಯಲ್ಲಿ ತೆಂಗಿನಕಾಯಿ ಹೇರಿಕೊಂಡು ಅಲ್ಲಿಗೇ ಹೋಗಿ ಬರುವವರು. ಇವರಿಗೆ ತಡಮಾಡದೆ ಹಾಕಬೇಕು ಎಂದು ನಾನು ಮಂಜುಗಡ್ಡೆಯ ಫ್ಲಾಸ್ಕಿನಲ್ಲಿ ಮದ್ದು ಇಟ್ಟುಕೊಂಡು ಓಡಿದೆ.

ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ಗದ್ದೆಯ ಬದಿಗೆ ಕೆಳಗೆ. ಮೊದಲು ಕೆಳಗಿನ ಮನೆಗೆ ಹೋದೆ. ಯಜಮಾನರು ಚಾವಡಿಯಲ್ಲಿ ಕೂತಿದ್ದರು. ಮೇಲಿನ ಮನೆಯ ಹುಡುಗ ಅವರ ಮಗ ಎಂದು ನನಗೆ ಗೊತ್ತಿತ್ತು.

"ನಿಮ್ಮ ಮಗನಿಗೆ ಚುಚ್ಚು ಹಾಕಬೇಕು" ಎಂದೆ.

"ಹಾಕಬೇಕು, ಸಂಶಯವೇ ಇಲ್ಲ," ಎಂದರು ಅವರು. "ಆದರೆ ಅದನ್ನು ನಾನು ಹೇಳುವ ಹಾಗಿಲ್ಲ. ಮೇಲಿನ ಮನೆಯ ಬಾವ ಹೇಳಬೇಕು."

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ತುಳುವರ ಅಂಥ ಮನೆಗಳಲ್ಲಿ ಆಸ್ತಿ, ಅಧಿಕಾರ ಎಲ್ಲ ತಾಯಿಯ ಕಡೆಯಿಂದ. ಮಕ್ಕಳು ತಾಯಿಯ ಮನೆಗೆ ಸೇರಿದವರು. ಅವರ ಮೇಲೆ ಹೇಳುವ ಹಕ್ಕು ತಂದೆಗಲ್ಲ, ಆ ಮನೆಯ ಯಜಮಾನನಾದ ಸೋದರಮಾವನಿಗೆ. ಅಪ್ಪ ಹೇಳಿದ್ದೇ ಕೊನೆ ಎನ್ನುವ ಮನೆಯಲ್ಲಿ ಬೆಳೆದ ನನಗೆ ಇದು ತಲೆಗೆ ಹತ್ತಲು ಕಾಲ ಹಿಡಿಯಿತು. ಈ ಎರಡು ಮನೆಗಳಲ್ಲಿ ಇನ್ನೂ ಒಂದು ಗಂಟು. ಮೇಲಿನ ಯಜಮಾನರು ಕೆಳಗಿನವರ ತಂಗಿಯನ್ನು, ಕೆಳಗಿನವರು ಮೇಲಿನವರ ತಂಗಿಯನ್ನು ಮದುವೆಯಾಗಿದ್ದರು. ಒಬ್ಬರ ಮಗನ ಬಗ್ಗೆ ಇನ್ನೊಬ್ಬರು ಹೇಳಬೇಕು.

ಬಿಸಿಲಲ್ಲಿ ಗುಡ್ಡ ಹತ್ತಿದೆ. ಮೇಲಿನ ಯಜಮಾನರು ಬೆಲ್ಲ ನೀರು ಕೊಟ್ಟು ಉಪಚರಿಸಿದರು.

"ಅಳಿಯನಿಗೆ ಹಾಕುವ, ಅಡ್ಡಿಯಿಲ್ಲ. ಆದರೆ ತಂಗಿಯ ಮಗ. ಏನಾದರೂ ಹೆಚ್ಚುಕಮ್ಮಿ ಆದರೆ ತಂಗಿಗೆ ನಾನು ಏನು ಹೇಳಲಿ? ಮೊದಲು ನನ್ನ ಮಗನಿಗೆ ಹಾಕಿ ನೋಡುವ."

"ಆಗಲಿ, ನಿಮ್ಮ ಮಗನಿಗೇ ಮೊದಲು ಹಾಕ್ತೇನೆ."

"ಅದನ್ನು ನಾನು ಹೇಗೆ ಹೇಳುವುದು? ಅವನು ಕೆಳಗಿನ ಮನೆಯವನು. ಬಾವ ಹೇಳಬೇಕು."

ಇಳಿದೆ. ಕೆಳಗಿನವರು ಅದೇ ಮಾತನ್ನು ತಿರುಗಿಸಿ ಹೇಳಿದರು. ಅಳಿಯ ತಂಗಿಯ ಮಗ, ಅವನಿಗೆ ಮೊದಲು ಹಾಕಿ ಪ್ರಯೋಗ ಮಾಡಲು ಮನಸ್ಸಿಲ್ಲ. ತನ್ನ ಮಗನಿಗಾದರೆ ಈಗಲೇ ಹಾಕಬಹುದು, ಆದರೆ ಅದನ್ನು ಬಾವ ಹೇಳಬೇಕು. ಇಬ್ಬರಿಗೂ ಕೊಡಲು ಮನಸ್ಸಿದ್ದ ಹುಡುಗನ ಮೇಲೆ ಹಕ್ಕಿಲ್ಲ, ಹಕ್ಕಿದ್ದ ಹುಡುಗನನ್ನು ಕೊಡಲು ಮನಸ್ಸಿಲ್ಲ. ನಾನು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಫ್ಲಾಸ್ಕಿನ ಮಂಜುಗಡ್ಡೆ ಕರಗುತ್ತ ಬಂತು. ಅದು ಪೂರ್ತಿ ಕರಗಿದರೆ ಮದ್ದು ಕೆಡುತ್ತದೆ.

"ಹುಡುಗರಾದರೂ ಎಲ್ಲಿ?" ಎಂದು ಕೊನೆಗೆ ಕೇಳಿದೆ.

"ಬೆಳಿಗ್ಗೆಯೇ ಗಾಡಿ ಕಟ್ಟಿಕೊಂಡು ಕಕ್ಕಿಂಜೆಗೆ ಹೋಗಿದ್ದಾರೆ" ಎಂದರು ಮೇಲಿನವರು, ತುಂಬ ಸಹಜವಾಗಿ.

ಸಿಡುಬು ಇರುವ ಊರಿಗೇ ಹುಡುಗರನ್ನು ಕಳಿಸಿ ಇವರಿಲ್ಲಿ ಮರ್ಯಾದೆ ಲೆಕ್ಕ ಹಾಕುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ. ಯಜಮಾನರಿಬ್ಬರನ್ನೂ ಕರೆದು ಗದ್ದೆಯ ಕಟ್ಟಪುಣಿಯ ಬದುವಿನ ಮೇಲೆ ಎದುರುಬದುರು ನಿಲ್ಲಿಸಿದೆ. "ಹುಡುಗರು ಬಂದ ತಕ್ಷಣ ಇಬ್ಬರಿಗೂ ಒಟ್ಟಿಗೇ ಹಾಕ್ತೇನೆ. ಈಗ ಇಲ್ಲೇ ಹೇಳಿ" ಎಂದೆ.

"ಬಾವ ಮೊದಲು ಹೇಳಲಿ" ಎಂದರು ಮೇಲಿನವರು.

"ಛೆ, ಬಾವ ನನಗಿಂತ ಹಿರಿಯರು. ಅವರು ಹೇಳಿದ ಮೇಲೆ ನಾನು" ಎಂದರು ಕೆಳಗಿನವರು.

ಹೀಗೆ ಅವರು ಒಬ್ಬರಿಗೊಬ್ಬರು ಗೌರವ ಕೊಡುತ್ತ ಎಷ್ಟು ಹೊತ್ತು ನಿಂತರೋ. ಅಷ್ಟರಲ್ಲಿ ಗಾಡಿ ಬಂತು. ಹುಡುಗರಿಬ್ಬರೂ ಇಳಿದರು. ನನ್ನ ಕೈಯಲ್ಲಿದ್ದ ಪೆಟ್ಟಿಗೆ ನೋಡಿ ಒಬ್ಬ ನಕ್ಕು, ಅಂಗಿಯ ತೋಳು ಮೇಲೆ ಸರಿಸಿದ. ಇನ್ನೊಬ್ಬನೂ ಸರಿಸಿದ. ಇಬ್ಬರ ತೋಳಿನಲ್ಲೂ ಹೊಸ ಗುರುತು ಇತ್ತು. ಕಕ್ಕಿಂಜೆಯಲ್ಲಿ ನಮ್ಮ ಇಲಾಖೆಯವರೇ ಒಬ್ಬರು ರಸ್ತೆಗೆ ಅಡ್ಡ ಬಿದಿರು ಕಟ್ಟಿ, ಬಂದವರಿಗೆಲ್ಲ ಚುಚ್ಚು ಹಾಕುತ್ತಿದ್ದರಂತೆ.

"ಯಾರನ್ನು ಕೇಳಿ ಹಾಕಿದರು?" ಎಂದರು ಯಜಮಾನರಿಬ್ಬರೂ ಒಟ್ಟಿಗೆ. ಆ ದಿನ ಅವರು ಯಾರಿಗೂ ಕಾಯದೆ ಆಡಿದ ಮೊದಲ ಮಾತು ಅದು.

"ನಮ್ಮನ್ನೇ ಕೇಳಿದ್ರು" ಎಂದ ಒಬ್ಬ. "ಪ್ರಾಯ ಎಷ್ಟು ಅಂತ ಕೇಳಿದ್ರು, ಹೇಳಿದೆವು. ಹಾಕಿಸಿಕೊಳ್ತೀರಾ ಅಂತ ಕೇಳಿದ್ರು, ಹೂಂ ಅಂದೆವು."

ಸಮಾಧಾನದಲ್ಲಿ ನನಗೆ ಅಳು ಬರುವ ಹಾಗಾಯಿತು. ಅದರ ಜೊತೆಗೇ ಗುಡ್ಡ ನೆನಪಾಗಿ ಸಿಟ್ಟೂ ಬಂತು. ಫ್ಲಾಸ್ಕಿನಲ್ಲಿ ಇನ್ನೂ ಸ್ವಲ್ಪ ಮಂಜುಗಡ್ಡೆ ಇತ್ತು. ಪೆಟ್ಟಿಗೆ ತೆರೆದೆ.

"ಇನ್ನು ನಿಮ್ಮಿಬ್ಬರದ್ದು. ನಿಮ್ಮ ಮಾವಂದಿರು ತೀರಿಹೋಗಿ ಎಷ್ಟೋ ಕಾಲವಾಯಿತು. ಕೇಳಲಿಕ್ಕೆ ನಿಮ್ಮ ಮೇಲೆ ಯಾರೂ ಇಲ್ಲ. ತೋಳು ಕೊಡಿ."

ಮೇಲಿನ ಯಜಮಾನರು ಒಂದು ಹೆಜ್ಜೆ ಹಿಂದಕ್ಕೆ ಸರಿದು, ತುಂಬ ವಿಚಾರವಂತರ ಹಾಗೆ ಹೇಳಿದರು: "ಹಾಗಲ್ಲ ಇನ್ಸ್‌ಪೆಕ್ಟರೇ. ಮನೆಯಲ್ಲಿ ಪ್ರಾಯಕ್ಕೆ ಬಂದ ಹುಡುಗರು ಇದ್ದಾರೆ. ಅವರನ್ನು ಒಂದು ಮಾತು ಕೇಳದೆ ನಾವು ಹೇಗೆ ತೀರ್ಮಾನ ಮಾಡುವುದು?"

ಹುಡುಗರು ತಲೆಗೊಬ್ಬರಂತೆ ಯಜಮಾನರನ್ನು ಗಟ್ಟಿಯಾಗಿ ಹಿಡಿದು ತೋಳು ನನ್ನ ಕಡೆ ತಿರುಗಿಸಿದರು. ಅಪ್ಪನನ್ನು ಯಾರು ಹಿಡಿಯಬೇಕು, ಮಾವನನ್ನು ಯಾರು ಹಿಡಿಯಬೇಕು ಎಂದು ಅವರು ಯಾರನ್ನೂ ಕೇಳಲಿಲ್ಲ.